ಒತ್ತಿದ ಅಕ್ಷರ ತಡವಾಗಿ ಬಂದ ದಿನಗಳು

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಯಕ್ಷಗಾನದ ಕರಪತ್ರ, ಸ್ಮರಣ ಸಂಚಿಕೆ, ಬಂದ ಕೆಲಸ ಎಲ್ಲ ಮಾಡುತ್ತೇನೆ. 2023ರ ಜನವರಿ ಕೊನೆಯಲ್ಲಿ ಕೈತುಂಬ ಕೆಲಸ ಇತ್ತು. ಫೆಬ್ರವರಿಯಲ್ಲಿ ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು. ಊರಿಡೀ ಬ್ಯಾನರು, ಕರಪತ್ರ ಬೇಕು. ಅದರ ಮಧ್ಯೆ ಒಂದು ಹಳ್ಳಿ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯೂ ನನ್ನ ಕೈಲಿತ್ತು, 212 ಪುಟ. ಸರಿಯಾಗಿ ಆ ಹೊತ್ತಿಗೇ ಕಂಪ್ಯೂಟರ್ ಕೈಕೊಟ್ಟಿತು.

ಪೂರ್ತಿ ಕೆಟ್ಟಿದ್ದರೆ ಒಂದು ರೀತಿ ಸುಲಭ ಇತ್ತು. ಅದು ಕೆಟ್ಟಿರಲಿಲ್ಲ, ನಿಂತು ನಿಂತು ನಡೆಯುತ್ತಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಕೆಲಸ ಶುರು ಮಾಡಲು 11 ನಿಮಿಷ ಬೇಕು. ಕಾರ್ಡು, ಬ್ಯಾನರು ವಿನ್ಯಾಸ ಮಾಡುವ ಕೋರೆಲ್‌ಡ್ರಾ ತಂತ್ರಾಂಶ ತೆರೆಯಲು ಮೂರೂವರೆ ನಿಮಿಷ. ಗಿರಾಕಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಮೌಸ್ ಸಹಿತ ಎಲ್ಲ ಸ್ತಬ್ಧ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಟೈಪಿಂಗ್. ‘ಶ್ರೀ’ ಅಂತ ಒತ್ತಿದರೆ ಪರದೆಯಲ್ಲಿ ಏನೂ ಇಲ್ಲ. ಎರಡು ಸೆಕೆಂಡ್ ಬಿಟ್ಟು ಒಟ್ಟಿಗೇ ಮೂರ್ನಾಲ್ಕು ಅಕ್ಷರ ಬಂದು ಬೀಳುತ್ತವೆ. ಕೆಲವೊಮ್ಮೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಪರದೆ ನೋಡದೆ ಬೆರಳಿನ ಲಯದ ಮೇಲೆ ಟೈಪ್ ಮಾಡುವವರಿಗೆ ಇದು ಎಂಥ ಹಿಂಸೆ ಅಂತ ಮಾಡಿದವರಿಗೇ ಗೊತ್ತು.

ಒಬ್ಬರ ಮಗಳ ಮದುವೆ ಕಾರ್ಡು ಎರಡು ದಿನ ತಡವಾಯಿತು. ಅವರು ಏನೂ ಅನ್ನಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಸುಮ್ನೆ ಕೂತು ಕಾದರು. ನನಗೆ ಅದೇ ಹೆಚ್ಚು ನೋವಾಯಿತು.

ಮೊದಲು ರ‍್ಯಾಮ್ ಸಾಲುತ್ತಿಲ್ಲ ಅಂದುಕೊಂಡೆ. 4 ಜಿಬಿ ಇದ್ದದ್ದನ್ನು 8 ಮಾಡಿಸಿದೆ. ಸ್ವಲ್ಪ ಹಗುರಾಯಿತು, ನಿಲ್ಲುವುದು ನಿಲ್ಲಲಿಲ್ಲ. ಕ್ಯಾಬಿನೆಟ್ ಬಿಚ್ಚಿ ದೂಳು ಹೊಡೆದೆ. ಬೇಡದ ಫೈಲು ಅಳಿಸಿದೆ. ‘ಕಂಪ್ಯೂಟರ್ ವೇಗ ಮಾಡುತ್ತೇವೆ’ ಎನ್ನುವ ಒಂದು ಪುಕ್ಕಟೆ ತಂತ್ರಾಂಶವನ್ನೂ ಹಾಕಿದೆ. ಅದು ಇನ್ನೊಂದು ಭಾರವಾಯಿತು, ಅಷ್ಟೆ. ಕೊನೆಗೆ ರಿಪೇರಿಯವರನ್ನು ಕರೆಸಿದೆ. ಐದು ನಿಮಿಷ ನೋಡಿ, ಫಾರ್ಮ್ಯಾಟ್ ಮಾಡೋಣ, ಅಂದರೆ ಎಲ್ಲ ಒರೆಸಿ ಹೊಸದಾಗಿ ಹಾಕೋಣ ಅಂದರು.

ಫಾರ್ಮ್ಯಾಟ್ ಅನ್ನುವುದು ಬೇರೆಯವರಿಗೆ ಅರ್ಧ ದಿನದ ಮಾತು. ಕನ್ನಡ ಡಿಟಿಪಿ ಮಾಡುವವರಿಗೆ ಹಾಗಲ್ಲ. ನನ್ನ ಹಳೆಯ ಕೆಲಸಗಳೆಲ್ಲ ಯುನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರ ಸಂಕೇತ) ಬರುವ ಮುಂಚಿನ ಫಾಂಟ್‌ಗಳಲ್ಲಿವೆ. 2006ರ ಫೈಲು ತೆರೆಯಬೇಕಾದರೆ ಅದೇ ಫಾಂಟು, ಅದೇ ಆವೃತ್ತಿ ಇರಬೇಕು. ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನನ್ನ ಹತ್ತಿರ 1,600 ಫಾಂಟ್ ಫೈಲುಗಳಿವೆ. ಯಾವುದು ಎಲ್ಲಿಂದ ಬಂತು ಅಂತ ನನಗೇ ನೆನಪಿಲ್ಲ. ಜೊತೆಗೆ ಇನ್ನೊಂದು ಸಂಶಯವೂ ಇತ್ತು. ಫಾರ್ಮ್ಯಾಟ್ ಮಾಡಿ ಮತ್ತೆ ಅವೇ ತಂತ್ರಾಂಶ ಹಾಕಿದರೆ ಮತ್ತೆ ಅದೇ ಕಥೆ ಆಗದಿರುತ್ತದೆಯೇ? ಕಾರಣ ಗೊತ್ತಾಗದೆ ಒರೆಸುವುದು ಬೇಡ ಅಂತ ಅವರನ್ನು ಕಳಿಸಿದೆ.

ಅಂದು ರಾತ್ರಿ ಒಂದು 100 ಪುಟದ ನೋಟ್‌ಬುಕ್ ತೆಗೆದುಕೊಂಡೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಆ ನೋಟ್‌ಬುಕ್. ‘ನಿಧಾನ’ ಅಂತ ಬರೆಯಬಾರದು, ಎಷ್ಟು ಸೆಕೆಂಡ್ ಅಂತ ಬರೆಯಬೇಕು ಅಂತ ತೀರ್ಮಾನಿಸಿದೆ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಅಳತೆ ಗೊತ್ತುಮಾಡಿಕೊಂಡೆ. ಆನ್ ಮಾಡಿದ ಮೇಲೆ ನೋಟ್‌ಪ್ಯಾಡ್ ತೆರೆಯುವವರೆಗೆ ಎಷ್ಟು ಹೊತ್ತು, ಕೋರೆಲ್ ತೆರೆಯಲು ಎಷ್ಟು ಹೊತ್ತು, ಫಾಂಟ್ ಇರುವ ಫೋಲ್ಡರನ್ನು ಇನ್ನೊಂದು ಕಡೆ ನಕಲು ಮಾಡಲು ಎಷ್ಟು ಹೊತ್ತು. ಏನೇ ಬದಲಿಸಿದರೂ ಈ ಮೂರನ್ನು ಮತ್ತೆ ಅಳೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ.

ಮಾರನೇ ದಿನ ಯಂತ್ರ ನಿಂತಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು 20ರ ಹತ್ತಿರ ಆರಾಮವಾಗಿತ್ತು. ಡಿಸ್ಕ್ ಮಾತ್ರ ಶೇ. 100. ಅಲ್ಲಿಂದ ರಿಸೋರ್ಸ್ ಮಾನಿಟರ್‌ಗೆ ಹೋದೆ. ಅದು ವಿಂಡೋಸ್ ಒಳಗೇ ಇದೆ, ತುಂಬ ಜನ ನೋಡಿರುವುದಿಲ್ಲ. ಅದರ ಡಿಸ್ಕ್ ಪುಟದಲ್ಲಿ ಯಾವ ತಂತ್ರಾಂಶ ಈಗ ಯಾವ ಫೈಲನ್ನು ಓದುತ್ತಿದೆ ಅಂತ ಸಾಲುಸಾಲಾಗಿ ಕಾಣುತ್ತದೆ. ನೋಡುತ್ತಿದ್ದಂತೆ ನನ್ನ ಫಾಂಟ್‌ಗಳ ಹೆಸರು ಒಂದೊಂದಾಗಿ ಹರಿದುಹೋಗುತ್ತಿದ್ದವು. ಓದುತ್ತಿದ್ದದ್ದು ಕೋರೆಲ್ ಅಲ್ಲ. ನಾನು ದುಡ್ಡು ಕೊಟ್ಟು ಮೂರು ವರ್ಷಕ್ಕೆ ಹಾಕಿಸಿದ್ದ ಆಂಟಿವೈರಸ್.

ಅದು ಯಾಕೆ ಹಾಗೆ ಮಾಡುತ್ತದೆ ಅಂತ ತಿಳಿದುಕೊಂಡ ಮೇಲೆ ಅರ್ಧ ಗೊಂದಲ ಹೋಯಿತು. ನಮ್ಮ ಕಡೆಯವರಿಗೆ ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳಬಹುದು. ಮಂಡಿಯ ಬಾಗಿಲಲ್ಲಿ ಒಬ್ಬ ನಿಂತು ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಚೀಲದಿಂದ ಹಿಡಿ ಅಡಿಕೆ ತೆಗೆದು ನೋಡಿಯೇ ಬಿಡುತ್ತಾನೆ ಅಂದುಕೊಳ್ಳಿ. ಹತ್ತು ಚೀಲ ಬಂದರೆ ತೊಂದರೆ ಇಲ್ಲ. ಒಂದೇ ಸಲ 1,600 ಚೀಲ ಬಂದರೆ ರಸ್ತೆಯವರೆಗೆ ಸಾಲು. ಆಂಟಿವೈರಸ್‌ನ ಒಂದು ಭಾಗ ವಿಂಡೋಸ್‌ನ ತಳದಲ್ಲಿ, ಕರ್ನಲ್ ಅನ್ನುವ ಜಾಗದಲ್ಲಿ ಕೂತಿರುತ್ತದೆ. ಅದಕ್ಕೆ ಫಿಲ್ಟರ್ ಡ್ರೈವರ್ ಅನ್ನುತ್ತಾರೆ. ಯಾವ ತಂತ್ರಾಂಶ ಯಾವ ಫೈಲು ತೆರೆಯಲು ಹೋದರೂ ಅದು ಮಧ್ಯದಲ್ಲಿ ತಡೆದು, ಪರೀಕ್ಷೆ ಮುಗಿದ ಮೇಲೆ ದಾರಿ ಬಿಡುತ್ತದೆ. ಅಲ್ಲಿಯವರೆಗೆ ಕೇಳಿದ ತಂತ್ರಾಂಶ ಕಾಯಲೇಬೇಕು. ಕಿಟಕಿ ಬಿಳಿಚಿಕೊಂಡು ‘ಪ್ರತಿಕ್ರಿಯಿಸುತ್ತಿಲ್ಲ’ ಅಂತ ಬರುವುದು ಹೀಗೆ. ಕೋರೆಲ್ ಸತ್ತಿರಲಿಲ್ಲ, ಸಾಲಿನಲ್ಲಿ ನಿಂತಿತ್ತು.

ಒಮ್ಮೆ ನೋಡಿದ ಫೈಲನ್ನು ಆಂಟಿವೈರಸ್ ನೆನಪಿಟ್ಟುಕೊಳ್ಳುತ್ತದೆ, ಬದಲಾಗದಿದ್ದರೆ ಮತ್ತೆ ನೋಡುವುದಿಲ್ಲ. ಆದರೆ ಹೊಸ ವೈರಸ್‌ಗಳ ಪಟ್ಟಿ ಇಳಿದುಬಂದಾಗ ಆ ನೆನಪು ಸಾಮಾನ್ಯವಾಗಿ ಅಳಿಯುತ್ತದೆ. ನಿನ್ನೆಯ ಪಟ್ಟಿಯಲ್ಲಿ ಇಲ್ಲದ್ದು ಇವತ್ತಿನದರಲ್ಲಿ ಇರಬಹುದು ಅಲ್ವಾ, ಅದಕ್ಕೆ. ದಿನಾ ಬೆಳಿಗ್ಗೆ ಮೊದಲ ಸಲ ಕೋರೆಲ್ ತೆರೆಯುವಾಗ ಅತಿ ನಿಧಾನ, ಮಧ್ಯಾಹ್ನ ಸ್ವಲ್ಪ ಪರವಾಗಿಲ್ಲ ಅಂತ ಆಗುತ್ತಿದ್ದದ್ದು ಇದರಿಂದ.

ಇನ್ನು ಪ್ರಯೋಗ. ಇಂಟರ್ನೆಟ್ ಕೇಬಲ್ ಕಿತ್ತೆ. ಪೆನ್‌ಡ್ರೈವ್ ಎಲ್ಲ ತೆಗೆದೆ. ಆಮೇಲೆ ಆಂಟಿವೈರಸ್‌ನ ಕಾವಲನ್ನು ಹತ್ತು ನಿಮಿಷ ನಿಲ್ಲಿಸಿ ಫಾಂಟ್ ಫೋಲ್ಡರ್ ನಕಲು ಮಾಡಿದೆ. ಮೊದಲು 4 ನಿಮಿಷ 50 ಸೆಕೆಂಡ್ ಆಗಿತ್ತು, ಈಗ 2 ನಿಮಿಷ 35. ಸಿಕ್ಕಿಬಿದ್ದ ಅಂತ ಖುಷಿಯಾಯಿತು. ಆದರೆ ಯೋಚಿಸಿದರೆ 2 ನಿಮಿಷ 35 ಸೆಕೆಂಡ್ ಕೂಡ ಜಾಸ್ತಿಯೇ. ಇನ್ನೂ ಯಾರೋ ತಡೆಯುತ್ತಿದ್ದಾರೆ.

ಅದನ್ನು ಖಚಿತ ಮಾಡಿಕೊಳ್ಳಲು ಸೇಫ್ ಮೋಡ್‌ಗೆ ಹೋದೆ. ಅಲ್ಲಿ ವಿಂಡೋಸ್ ತನಗೆ ತೀರ ಬೇಕಾದ್ದನ್ನು ಮಾತ್ರ ಎತ್ತಿಕೊಂಡು ಏಳುತ್ತದೆ, ಹೊರಗಿನವರು ಹಾಕಿದ ತಂತ್ರಾಂಶ ಬಹುತೇಕ ಮಲಗಿರುತ್ತದೆ. ಅದೇ ಫೋಲ್ಡರು, ಅದೇ ಡಿಸ್ಕು, 48 ಸೆಕೆಂಡ್. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ. ಡಿಸ್ಕ್ ಚೆನ್ನಾಗಿದೆ, ಯಂತ್ರ ಚೆನ್ನಾಗಿದೆ. ನಡುವೆ ಕೂತವರದ್ದೇ ತಕರಾರು.

ವಿಂಡೋಸ್‌ನಲ್ಲಿ ‘ಎಫ್‌ಎಲ್‌ಟಿಎಂಸಿ’ (fltmc) ಅಂತ ಒಂದು ಆದೇಶ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅಷ್ಟು ಟೈಪ್ ಮಾಡಿದರೆ ಸಾಕು, ಫೈಲುಗಳ ದಾರಿಯಲ್ಲಿ ಕೂತಿರುವ ಎಲ್ಲ ಫಿಲ್ಟರ್ ಡ್ರೈವರ್‌ಗಳ ಪಟ್ಟಿ ಬರುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ ಇರುತ್ತದೆ, ಅದು ಯಾವ ಎತ್ತರದಲ್ಲಿ ಕೂತಿದೆ ಅಂತ ತೋರಿಸಲು. 3,20,000ದಿಂದ 3,29,999ರವರೆಗಿನ ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಆಂಟಿವೈರಸ್‌ಗಳಿಗೆಂದೇ ಮೀಸಲಿಟ್ಟಿದೆ. ನನ್ನ ಪಟ್ಟಿಯಲ್ಲಿ ಆ ಸಾಲಿನಲ್ಲಿ ಹೊರಗಿನವು ಎರಡು ಇದ್ದವು. ಒಂದು ಈಗಿನದು. ಇನ್ನೊಂದು ನಾನು ಎರಡು ವರ್ಷದ ಹಿಂದೆಯೇ ತೆಗೆದುಹಾಕಿದ್ದ ಬೇರೊಂದು ಕಂಪನಿಯ ಆಂಟಿವೈರಸ್‌ನದು!

ಕಂಟ್ರೋಲ್ ಪ್ಯಾನೆಲ್‌ನಿಂದ ಅದನ್ನು ತೆಗೆದಿದ್ದೆ. ಐಕಾನ್ ಹೋಗಿತ್ತು, ಹೆಸರು ಹೋಗಿತ್ತು. ತಳದ ಡ್ರೈವರ್ ಮಾತ್ರ ಅಲ್ಲೇ ಉಳಿದಿತ್ತು. ಮಂಡಿಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು, ಅದರಲ್ಲಿ ಒಬ್ಬನ ಯಜಮಾನ ಯಾವತ್ತೋ ಅಂಗಡಿ ಮುಚ್ಚಿಕೊಂಡು ಹೋಗಿದ್ದಾನೆ. ಚೀಲ ಹಿಡಿದುಕೊಂಡು ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದೆ ಆತ ಇನ್ನೂ ನಿಂತಿದ್ದಾನೆ.

ಇಂಥ ಉಳಿಕೆ ತೆಗೆಯಲು ಹೆಚ್ಚಿನ ಆಂಟಿವೈರಸ್ ಕಂಪನಿಗಳು ತಮ್ಮದೇ ಸ್ವಚ್ಛಗೊಳಿಸುವ ಸಾಧನ ಕೊಡುತ್ತವೆ. ಅದನ್ನು ಆಯಾ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಿದಾಗ ಮೇಲೆ ಮೇಲೆ ಬರುವ ಜಾಹೀರಾತುಗಳನ್ನು ನಂಬಬೇಡಿ, ಅದೇ ಹೆಸರಿನ ನಕಲಿಗಳೂ ಇರುತ್ತವೆ. ಮೊದಲು ಎಲ್ಲ ಕೆಲಸವನ್ನೂ ಹೊರಗಿನ ಡಿಸ್ಕಿಗೆ ಹಾಕಿಕೊಂಡೆ. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿದೆ. ಸೇಫ್ ಮೋಡ್‌ನಲ್ಲಿ ಆ ಸಾಧನ ಓಡಿಸಿ ರೀಸ್ಟಾರ್ಟ್ ಕೊಟ್ಟೆ. ಪಟ್ಟಿ ನೋಡಿದರೆ ಹಳಬ ಇಲ್ಲ. 11 ನಿಮಿಷ ಹಿಡಿಯುತ್ತಿದ್ದ ಯಂತ್ರ 4 ನಿಮಿಷಕ್ಕೆ ಎದ್ದಿತು. ಪೆನ್‌ಡ್ರೈವ್ ಚುಚ್ಚಿದರೆ ಮೌಸ್ ನಿಲ್ಲಲಿಲ್ಲ. ‘ವೇಗ ಮಾಡುವ’ ತಂತ್ರಾಂಶವನ್ನೂ ಅದೇ ದಿನ ಕಿತ್ತೆ.

ನನ್ನ ಯಂತ್ರದಲ್ಲಿ ಮಾತ್ರ ಹೀಗಾಯಿತೇನೋ ಅಂತ ಅನ್ನಿಸಿತ್ತು. ಹಾಗಲ್ಲ. 2019ರ ಏಪ್ರಿಲ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಬಂದಾಗ ಸೋಫೋಸ್, ಅವಾಸ್ಟ್, ಅವಿರಾದಂಥ ಹೆಸರಾಂತ ಆಂಟಿವೈರಸ್ ಇದ್ದ ಅನೇಕ ಯಂತ್ರಗಳು ಏಳುವಾಗಲೇ ಹೆಪ್ಪುಗಟ್ಟಿದ್ದವು. ನನ್ನ ಈ ಕಥೆ ಆದ ಮರುವರ್ಷ, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಟಿವಿಯಲ್ಲಿ ಅದನ್ನು ನೋಡುವಾಗ ನನಗೆ ಆ ಪಟ್ಟಿಯೇ ಕಣ್ಣಿಗೆ ಬಂತು. ಅಷ್ಟು ತಳದಲ್ಲಿ ಕೂತ ವಸ್ತು ಎಡವಿದರೆ ಮೇಲಿನದೆಲ್ಲ ಬೀಳುತ್ತದೆ.

ಹಾಗಂತ ಆಂಟಿವೈರಸ್ಸನ್ನೇ ಕಿತ್ತು ಬಿಸಾಡುವುದು ನನಗೆ ಸಾಧ್ಯವಿಲ್ಲ. ದಿನಕ್ಕೆ ಹತ್ತು ಹದಿನೈದು ಪೆನ್‌ಡ್ರೈವ್ ಈ ಯಂತ್ರಕ್ಕೆ ಬರುತ್ತವೆ. ಫೋಲ್ಡರುಗಳನ್ನೆಲ್ಲ ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ಇಡುವ ವೈರಸ್ ಒಂದು ಕಾಲದಲ್ಲಿ ನಮ್ಮ ಊರಿನ ಅಂಗಡಿಗಳನ್ನೆಲ್ಲ ಸುತ್ತಿಹೋಗಿದೆ. ನನ್ನ ಅಂಗಡಿಯಿಂದ ಗಿರಾಕಿಯ ಮನೆಗೆ ಅಂಥದ್ದು ಹೋದರೆ ಅದು ನನ್ನ ತಪ್ಪು.

ಹಳೆಯ ಡ್ರೈವರ್ ಮೊದಲನೆಯ ತೊಂದರೆ. ಎರಡನೆಯದು ಬೆಳಿಗ್ಗೆ 11 ಗಂಟೆಯದು. ದಿನಾ ಅದೇ ಹೊತ್ತಿಗೆ, ಗಿರಾಕಿಗಳು ತುಂಬಿರುವಾಗಲೇ ಯಂತ್ರ ಏದುಸಿರು ಬಿಡುತ್ತಿತ್ತು. ಇದಕ್ಕೆ ಕಾರಣ ಬೇಗ ಸಿಕ್ಕಿತು. ಪೂರ್ತಿ ತಪಾಸಣೆಗೆ ರಾತ್ರಿ 2 ಗಂಟೆ ಅಂತ ಇತ್ತು. ರಾತ್ರಿ ಅಂಗಡಿ ಮುಚ್ಚಿರುತ್ತದೆ. ‘ತಪ್ಪಿದ ತಪಾಸಣೆಯನ್ನು ಆಮೇಲೆ ಮಾಡು’ ಅಂತ ಇನ್ನೊಂದು ಕಡೆ ಗುರುತು ಹಾಕಿತ್ತು. ಅಂಗಡಿ ತೆರೆದು ಅರ್ಧ ಗಂಟೆಗೆ ಅದು ಶುರುವಾಗುತ್ತಿತ್ತು. ಹಳೆಯ ಕೆಲಸಗಳನ್ನೆಲ್ಲ ಜಿಪ್ ಮಾಡಿ ಇಟ್ಟಿದ್ದೆ, ಅವನ್ನೆಲ್ಲ ದಿನಾ ಬಿಚ್ಚಿ ಬಿಚ್ಚಿ ನೋಡುತ್ತಿತ್ತು. ಪೂರ್ತಿ ತಪಾಸಣೆಯನ್ನು ವಾರಕ್ಕೊಮ್ಮೆ, ಊಟಕ್ಕೆ ಹೋಗುವ ಹೊತ್ತಿಗೆ ಇಟ್ಟೆ. ಜಿಪ್‌ಗಳನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು ಅಂದೆ. ಜಿಪ್ ಒಳಗಿದ್ದದ್ದು ಬಿಚ್ಚಿದಾಗ ಕಾವಲಿನ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಮೂರನೆಯದು ಟೈಪಿಂಗ್. ಇದಕ್ಕೆ ನಾಲ್ಕು ದಿನ ಹಿಡಿಯಿತು. ಯಂತ್ರ ಹಗುರಾಗಿದೆ, ಡಿಸ್ಕ್ ತಣ್ಣಗಿದೆ, ಆದರೂ ಕನ್ನಡ ಅಕ್ಷರ ತಡವಾಗಿಯೇ ಬರುತ್ತಿದೆ. ಇಂಗ್ಲಿಷ್ ಟೈಪ್ ಮಾಡಿದೆ. ತಡ ಇಲ್ಲ. ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆ ಆರಿಸಿ ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿದೆ. ತಡ ಇಲ್ಲ. ನಾನು ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿದ ಕೂಡಲೇ ತಡ.

ನನಗೆ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಬೆರಳಿಗೆ ಅಂಟಿಹೋಗಿದೆ. ಹಳೆಯ ಫಾಂಟಿಗೂ ಯುನಿಕೋಡಿಗೂ ಎರಡಕ್ಕೂ ಅದೇ ಕೀಲಿಯಲ್ಲಿ ಬರೆಯಬೇಕಾದರೆ ಇಂಥ ತಂತ್ರಾಂಶವೇ ಬೇಕು. ಅದು ಕೆಲಸ ಮಾಡುವ ರೀತಿ ಹೀಗಿದೆ: ನಾವು ಒತ್ತಿದ ಕೀಲಿ ಕೋರೆಲ್‌ಗೆ ತಲುಪುವ ಮುಂಚೆ ಅದು ಮಧ್ಯದಲ್ಲಿ ಹಿಡಿದು, ವ್ಯಂಜನಕ್ಕೆ ಸ್ವರ ಸೇರಿಸಿ, ಒತ್ತು ಕಟ್ಟಿ, ತಯಾರಾದ ಅಕ್ಷರವನ್ನು ಮುಂದೆ ಕಳಿಸುತ್ತದೆ. ಈಗ ಪಾಸ್‌ವರ್ಡ್ ಕದಿಯುವ ಕೀಲಾಗರ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದೂ ಒತ್ತಿದ ಕೀಲಿಯನ್ನು ಮಧ್ಯದಲ್ಲೇ ಹಿಡಿಯುತ್ತದೆ! ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ನನ್ನ ಆಂಟಿವೈರಸ್‌ನಲ್ಲಿ ಬ್ಯಾಂಕಿಂಗ್ ರಕ್ಷಣೆ ಅನ್ನುವ ಪುಟದ ಒಳಗೆ ಕೀಲಿ ರಕ್ಷಣೆ ಅಂತ ಒಂದು ಗುಂಡಿ ಇತ್ತು. ಅದನ್ನು ಆಫ್ ಮಾಡಿದೆ. ನೋಟ್‌ಪ್ಯಾಡ್ ತೆರೆದು ‘ಶ್ರೀ ಮಾರಿಕಾಂಬಾ ದೇವಿ ಪ್ರಸನ್ನ’ ಅಂತ ಟೈಪ್ ಮಾಡಿದೆ. ಬೆರಳು ಎತ್ತುವ ಮೊದಲೇ ಅಕ್ಷರ ಬಂತು. ಸುಮ್ನೆ ಒಂದು ಪುಟ ಪೂರ್ತಿ ಟೈಪ್ ಮಾಡಿದೆ, ಆ ಸುಖಕ್ಕೆ.

ಆದರೆ ಗುಂಡಿ ಆಫ್ ಮಾಡಿ ಬಿಡುವುದು ಪೂರ್ತಿ ಪರಿಹಾರ ಅಲ್ಲ. ಅದೇ ಯಂತ್ರದಲ್ಲಿ ನಾನು ಬ್ಯಾಂಕ್ ಕೆಲಸವನ್ನೂ ಮಾಡುತ್ತೇನೆ. ಆಂಟಿವೈರಸ್ ಕಂಪನಿಯ ಸಹಾಯ ವಿಭಾಗಕ್ಕೆ ಪತ್ರ ಬರೆದೆ. ಎರಡು ಸೆಕೆಂಡ್ ತಡ ಆಗುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸಿದೆ. ಯಾವ ಆವೃತ್ತಿ, ಯಾವ ಗುಂಡಿ ಆಫ್ ಮಾಡಿದರೆ ಸರಿಯಾಗುತ್ತದೆ, ಎಲ್ಲ ನೋಟ್‌ಬುಕ್‌ನಲ್ಲಿ ಇತ್ತಲ್ಲ, ಹಾಗೇ ಬರೆದೆ. ಅವರು ಲಾಗ್ (ತಂತ್ರಾಂಶ ತಾನೇ ಬರೆದಿಟ್ಟ ದಾಖಲೆ) ಕೇಳಿದರು, ಕೊಟ್ಟೆ. 18 ದಿನದ ಮೇಲೆ ಉತ್ತರ ಬಂತು. ಆ ಟೈಪಿಂಗ್ ತಂತ್ರಾಂಶವನ್ನು ಸುರಕ್ಷಿತ ಪಟ್ಟಿಗೆ ಸೇರಿಸಿದ್ದೇವೆ ಅಂದರು. ರಕ್ಷಣೆ ಮತ್ತೆ ಹಚ್ಚಿದೆ, ತಡ ಬರಲಿಲ್ಲ. ಇದನ್ನು ಓದುವ ಡಿಟಿಪಿಯವರಿಗೆ, ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುವವರಿಗೆ ನನ್ನದೊಂದು ಕೋರಿಕೆ ಇದೆ. ಸಹಿಸಿಕೊಂಡು ಕೂರಬೇಡಿ, ಕಂಪನಿಗೆ ಬರೆಯಿರಿ. ಕನ್ನಡದಲ್ಲಿ ಟೈಪ್ ಮಾಡುವಾಗ ಏನಾಗುತ್ತದೆ ಅಂತ ನಾವು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಉಳಿದದ್ದು ಕೋರೆಲ್. ಹತ್ತು ನಿಮಿಷಕ್ಕೊಮ್ಮೆ ತಾನೇ ಬ್ಯಾಕಪ್ ಬರೆಯುವಂತೆ ಇಟ್ಟಿದ್ದೆ, ಕರೆಂಟು ಹೋಗುವ ಊರು ನಮ್ಮದು. ಬ್ಯಾನರಿನ ಫೈಲು 180 ಎಂಬಿ ಇದ್ದರೆ, ಅಷ್ಟನ್ನೂ ಬರೆದ ಕೂಡಲೇ ಆಂಟಿವೈರಸ್ ಅಷ್ಟನ್ನೂ ಓದುತ್ತಿತ್ತು. ಇಲ್ಲಿ ವಿನಾಯಿತಿ ಕೊಡಬೇಕಾಯಿತು. ಅಂದರೆ ಈ ಫೋಲ್ಡರನ್ನು ನೋಡಬೇಡ ಅಂತ ಹೇಳುವುದು. ಇದು ಸುಲಭ, ಅದಕ್ಕೇ ಅಪಾಯ. ಇಡೀ ಡಿ ಡ್ರೈವ್‌ಗೆ ವಿನಾಯಿತಿ ಕೊಟ್ಟು ಕೂತವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಆಂಟಿವೈರಸ್ ಇದ್ದೂ ಇಲ್ಲದ ಹಾಗೆ.

ನಾನು ಎರಡೇ ಫೋಲ್ಡರಿಗೆ ಕೊಟ್ಟೆ, ಫಾಂಟ್ ಸಂಗ್ರಹಕ್ಕೆ ಮತ್ತು ‘ನಡೆಯುತ್ತಿರುವ ಕೆಲಸ’ಕ್ಕೆ. ವಿನಾಯಿತಿ ಅಂದರೆ ಏನು ಅಂತ ಕಣ್ಣಾರೆ ನೋಡಲು ಐಕಾರ್ ಪರೀಕ್ಷಾ ಫೈಲು ಬಳಸಿದೆ. ಅದು 68 ಅಕ್ಷರಗಳ ಒಂದು ಸಾಲು, ಅಷ್ಟೆ. ಯಾವ ಹಾನಿಯೂ ಇಲ್ಲ. ಆಂಟಿವೈರಸ್ ಎಚ್ಚರ ಇದೆಯೇ ಅಂತ ನೋಡಲೆಂದೇ ಮಾಡಿದ್ದು. ಡೆಸ್ಕ್‌ಟಾಪ್‌ನಲ್ಲಿ ಉಳಿಸಿದ ಕೂಡಲೇ ಗಂಟೆ ಬಾರಿಸಿ ಹಿಡಿಯಿತು. ಕಾವಲನ್ನು ಒಂದು ಕ್ಷಣ ನಿಲ್ಲಿಸಿ ಅದೇ ಫೈಲನ್ನು ವಿನಾಯಿತಿಯ ಫೋಲ್ಡರಿನಲ್ಲಿ ಇಟ್ಟು ಮತ್ತೆ ಹಚ್ಚಿದೆ. ತೆರೆದೆ, ಮುಚ್ಚಿದೆ, ಹೆಸರು ಬದಲಿಸಿದೆ. ಒಂದು ಸದ್ದೂ ಇಲ್ಲ. ಆ ಮೌನ ಕೇಳಿ ನಿಜಕ್ಕೂ ಭಯವಾಯಿತು.

ಆಗಲೇ ‘ಬಂದದ್ದು’ ಅಂತ ಇನ್ನೊಂದು ಫೋಲ್ಡರ್ ಮಾಡಿದೆ. ಪೆನ್‌ಡ್ರೈವ್‌ನಿಂದ, ವಾಟ್ಸಾಪ್‌ನಿಂದ, ಇಮೇಲ್‌ನಿಂದ ಏನೇ ಬರಲಿ, ಮೊದಲು ಅಲ್ಲಿಗೆ. ಅದಕ್ಕೆ ವಿನಾಯಿತಿ ಇಲ್ಲ. ಬಲಗುಂಡಿ ಒತ್ತಿ ತಪಾಸಣೆ ಮಾಡಿ, ಬೇಕಾದ ಚಿತ್ರ ಅಥವಾ ಬರಹವನ್ನು ಮಾತ್ರ ಕೆಲಸದ ಫೋಲ್ಡರಿಗೆ ಒಯ್ಯುವುದು. ವಾರದ ತಪಾಸಣೆ ಹೊತ್ತಿಗೆ ವಿನಾಯಿತಿಯನ್ನೂ ತೆಗೆದು ಎಲ್ಲವನ್ನೂ ನೋಡಿಸುವುದು. ಸಹಾಯಕ್ಕೆ ಬರುವ ಹುಡುಗಿಗೂ ಇದನ್ನು ಕಲಿಸಿದೆ. ಈಗ ಅವಳು ನನಗಿಂತ ಕಟ್ಟುನಿಟ್ಟು.

ಜಾತ್ರೆ ಮುಗಿದ ಮೇಲೆ ಕೈಗೆ ಸ್ವಲ್ಪ ದುಡ್ಡು ಬಂತು, 480 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಡಿಸ್ಕ್) ಹಾಕಿಸಿದೆ. ತಿರುಗುವ ಡಿಸ್ಕ್ ಅಲ್ಲೊಂದು ಇಲ್ಲೊಂದು ಇರುವ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ಸುಮಾರು ನೂರು ಸಲ ಓದಿದರೆ ಹೆಚ್ಚು. ಎಸ್‌ಎಸ್‌ಡಿ ಸಾವಿರಾರು ಸಲ ಓದುತ್ತದೆ. ಆಂಟಿವೈರಸ್‌ನ ಭಾರ ಇದರಲ್ಲಿ ಗೊತ್ತೇ ಆಗುವುದಿಲ್ಲ. ಮೊದಲೇ ಇದನ್ನು ಹಾಕಿಸಿದ್ದರೆ ಆಗುತ್ತಿತ್ತಲ್ಲ ಅಂತ ಕೆಲವರು ಕೇಳಿದರು. ಯಂತ್ರ ಬೇಗ ಏಳುತ್ತಿತ್ತು, ಖರೆ. ಆದರೆ ಅಕ್ಷರ ಎರಡು ಸೆಕೆಂಡ್ ತಡವಾಗಿಯೇ ಬರುತ್ತಿತ್ತು. ಹಳೆಯ ಡ್ರೈವರ್ ಅಲ್ಲೇ ಕೂತಿರುತ್ತಿತ್ತು.

ಶಾಲೆಯ ಸಂಚಿಕೆ ಹೇಳಿದ ದಿನಕ್ಕೆ ಅಚ್ಚಿಗೆ ಹೋಯಿತು. ಆ ಮದುವೆ ಮನೆಯವರು ಈ ಸಲ ಮೊಮ್ಮಗುವಿನ ನಾಮಕರಣದ ಕಾರ್ಡಿಗೂ ಬಂದರು. ಬೆಂಚಿನ ಮೇಲೆ ಕೂತು ಚಹಾ ಮುಗಿಸುವಷ್ಟರಲ್ಲಿ ಕರಡು ತೋರಿಸಿದೆ.

ನೋಟ್‌ಬುಕ್‌ನಲ್ಲಿ ಇನ್ನೂ 60 ಪುಟ ಖಾಲಿ ಇದೆ. ಪಕ್ಕದ ಫೋಟೋ ಸ್ಟುಡಿಯೋದವರ ಯಂತ್ರವೂ ಪೆನ್‌ಡ್ರೈವ್ ಚುಚ್ಚಿದರೆ ನಿಲ್ಲುತ್ತದಂತೆ. ಫಾರ್ಮ್ಯಾಟ್ ಮಾಡಿಸಬೇಡಿ, ಭಾನುವಾರ ಬರುತ್ತೇನೆ ಅಂತ ಹೇಳಿದ್ದೇನೆ. ಅವರ ಹೆಸರಿಗೆ ಹೊಸ ಪುಟ ತೆರೆದು ಮೂರು ಗೆರೆ ಹಾಕಿಟ್ಟಿದ್ದೇನೆ, ಮೂರು ಅಳತೆಗೆ.